ಕೌದಿಗೆ ನಾವೇ ಬೆಲೆ ಕಟ್ಟಿದ್ದು

ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಹೆಂಗಸು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಈಗ ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೇಳದಲ್ಲಿ ಸ್ಟಾಲ್ ಹಾಕಿದ ದಿನ ಇಷ್ಟನ್ನೇ ಬೆಳಿಗ್ಗೆಯಿಂದ ಸಂಜೆವರೆಗೆ ಹೇಳಬೇಕಾಗುತ್ತದೆ.

ಅಮ್ಮ ಅಡಿಕೆ ತೋಟದ ಕೂಲಿ ಮುಗಿಸಿ ಬಂದು ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಲುಂಗಿ, ಉಳಿದ ತುಂಡು ಎಲ್ಲ ಅದಕ್ಕೇ. ಅಂಚಿನಿಂದ ಹಿಡಿದು ಸುತ್ತ ಹೊಲಿಯುತ್ತಾ ನಡುವಿಗೆ ಬರಬೇಕು. ಮೂಲೆಗಳಿಗೆ ಬಟ್ಟೆ ಮಡಚಿ ‘ಫೂಲ’ ಇಡಬೇಕು. ಫೂಲ ಇಲ್ಲದ ಕೌದಿ ಬೆತ್ತಲೆ ಇದ್ದ ಹಾಗೆ ಅನ್ನುತ್ತಾರೆ ನಮ್ಮ ಅಜ್ಜಿಯರು. ಒಬ್ಬ ವ್ಯಾಪಾರಿ ಬಂದು ಅವನ್ನು ಕೈಗೆ ಬಂದ ರೇಟಿಗೆ ಒಯ್ಯುತ್ತಿದ್ದ. ಪೇಟೆಯಲ್ಲಿ ಅದಕ್ಕೆ ‘ಟ್ರೈಬಲ್ ಕ್ವಿಲ್ಟ್’ ಅಂತ ಚೀಟಿ. ಸಿದ್ದಿ ಅನ್ನೋ ಮಾತೇ ಇಲ್ಲ.

ಕೌದಿ ಹೊಲಿಯುವ ಹೆಂಗಸರೆಲ್ಲ ನಮ್ಮ ಸಂಘದಲ್ಲಿ ಕೂತು ಲೆಕ್ಕ ಹಾಕಿದೆವು. ಮನೆಗೆಲಸದ ನಡುವೆ ದೊಡ್ಡ ಕೌದಿಗೆ ತಿಂಗಳಾದರೂ ಬೇಕು. ಅದರಲ್ಲಿ ಪೂರ್ತಿ ದಿನದ ದುಡಿಮೆ ಎಷ್ಟು, ಅಷ್ಟಕ್ಕೆ ತೋಟದ ಕೂಲಿ ಎಷ್ಟು, ಅದರ ಮೇಲೆ ದಾರದ ಖರ್ಚು. ಬಂದ ಮೊತ್ತ ನೋಡಿ ನಮಗೇ ಭಯವಾಯಿತು. ‘ಇಷ್ಟು ಯಾರು ಕೊಡ್ತಾರೆ?’ ಅಂದರು ಎಲ್ಲರೂ. ಆದರೂ ಇಳಿಸಲಿಲ್ಲ. ಹೊಲಿದವಳ ಹೆಸರು, ಊರು, ‘ಸಿದ್ದಿ ಕೌದಿ’ ಅಂತ ಬಟ್ಟೆಯ ಚೀಟಿ ಹೊಲಿದೆವು. ‘ಹಳೆ ಬಟ್ಟೆ ತಾನೇ?’ ಅಂತ ಚೌಕಾಸಿ ಮಾಡುವವರಿಗೆ ಸೂಜಿ ಕೊಟ್ಟು, ಒಂದು ಗೇಣು ಹೊಲಿದು ನೋಡಿ ಅನ್ನುತ್ತೇನೆ. ಹೆಚ್ಚಿನವರು ಸುಮ್ನೆ ನಕ್ಕು ದುಡ್ಡು ಕೊಡುತ್ತಾರೆ.

ಬೆಂಗಳೂರಿನ ಪಾಡು ಬೇರೆ. ಫೋನಿನಲ್ಲಿ ನನ್ನ ಕನ್ನಡ ಕೇಳಿ ರೂಮ್ ಇದೆ ಅಂದವರು, ಮುಖ ನೋಡಿದ ಮೇಲೆ ‘ಈಗಷ್ಟೇ ಬೇರೆಯವರಿಗೆ ಕೊಟ್ಬಿಟ್ವಿ’ ಅನ್ನುತ್ತಾರೆ. ಲಾಡ್ಜಿನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಆಧಾರ್ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಆಗೆಲ್ಲ ‘ನಾವು ಆಫ್ರಿಕಾದವರಲ್ಲ, ಇಲ್ಲಿಯವರೇ’ ಅನ್ನುತ್ತಿದ್ದೆ. ಕನ್ನಡ ಕೇಳಿದ ಕೂಡಲೇ ಅವರ ಮುಖ ಸಡಿಲವಾಗುತ್ತಿತ್ತು.

2016ರ ಜನವರಿ ಕೊನೆಗೆ ಹೆಸರಘಟ್ಟದ ಹತ್ತಿರ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು ಗುಂಪೊಂದು ಹಿಡಿದು ಹೊಡೆಯಿತು. ಅದಕ್ಕೂ ಮುಂಚೆ ಅಲ್ಲಿ ಸುಡಾನಿನವನೊಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತಿದ್ದರು. ಈ ಹುಡುಗಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ, ಅಷ್ಟೇ. ಆ ರಸ್ತೆಯಲ್ಲಿ ನಾನಿದ್ದಿದ್ದರೆ ಆಧಾರ್ ತೆಗೆಯುವಷ್ಟು ಹೊತ್ತು ಕೊಡುತ್ತಿದ್ದರಾ? ಇನ್ನು, ಕನ್ನಡ ಬಾರದವಳಿಗಾದರೆ ಹೊಡೆಯಬಹುದಾ? ಆಮೇಲೆ ‘ಆಫ್ರಿಕಾದವರಲ್ಲ’ ಅನ್ನುವುದನ್ನು ಬಿಟ್ಟೆ. ಪಾಸ್‌ಪೋರ್ಟ್ ಕೇಳಿದರೆ ‘ನನ್ನ ಮುಂದೆ ನಿಂತಿದ್ದವರಿಗೂ ಕೇಳಿದ್ರಾ?’ ಅನ್ನುತ್ತೇನೆ. ರೂಮ್ ಇಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನುತ್ತೇನೆ. ಬರೆಯುವ ಮಾತು ಬಂದರೆ ಎಷ್ಟೋ ಸಲ ಎಲ್ಲಿಂದಲೋ ಒಂದು ರೂಮ್ ಹುಟ್ಟಿಕೊಳ್ಳುತ್ತದೆ!

ಊರಿನಲ್ಲಿ ನಮ್ಮ ಹೋರಾಟ ಜಾತಿ ಪ್ರಮಾಣಪತ್ರಕ್ಕೆ, ಕಾಡಿನ ಭೂಮಿಯ ಹಕ್ಕಿಗೆ. ಅದಕ್ಕೆ ಕೌದಿಯ ದುಡ್ಡು ಬೇರೆ ರೀತಿ ಆಗಿಬಂತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾದರು. ಜಾತಿ ಪ್ರಮಾಣಪತ್ರ ಬರೀ ರಿಸರ್ವೇಶನ್‌ಗೆ ಅಂತ ಜನ ತಿಳಿದಿದ್ದಾರೆ. ಅದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬೇರೆಯವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ನಮಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಭೂಮಿ ನಮ್ಮ ಕೈಯಲ್ಲಿತ್ತು ಅಂತ ತೋರಿಸಿದರೆ ಸಾಕು. ಎಷ್ಟು ವ್ಯತ್ಯಾಸ ಅಲ್ವಾ?

ಆದರೆ ತಾಲ್ಲೂಕು ಕಚೇರಿಗೆ ಹೋದ ದಿನ ಕೂಲಿ ಹೋಗುತ್ತದೆ. ‘ನಾಳೆ ಬನ್ನಿ’ ಅಂದರೆ ಮತ್ತೊಂದು ಕೂಲಿ. ಹಾಗಾಗಿ ಅರ್ಜಿ ಅರ್ಧಕ್ಕೇ ನಿಲ್ಲುತ್ತಿತ್ತು. ಈಗ ಪ್ರತಿ ಕೌದಿಯ ಹಣದಲ್ಲಿ ಒಂದಿಷ್ಟು ಎತ್ತಿಡುತ್ತೇವೆ. ಕಚೇರಿಗೆ ಹೋದವಳಿಗೆ ಸಂಘವೇ ಅವತ್ತಿನ ಕೂಲಿ, ಬಸ್ ಚಾರ್ಜು, ಜೆರಾಕ್ಸ್ ಖರ್ಚು ಕೊಡುತ್ತದೆ. ಅವಳ ಜೊತೆ ಇನ್ನೊಬ್ಬಳು ಹೋಗಲೇಬೇಕು. ಕಪಾಟು ಮಾಡಿಸೋಣ, ಈ ದುಡ್ಡು ಯಾಕೆ ಸುಮ್ಮನೆ ಓಡಾಟಕ್ಕೆ ಅಂತ ಗೊಣಗುವವರೂ ಇದ್ದಾರೆ. ನನಗೆ ಇದು ಸುಮ್ಮನೆ ಅನ್ನಿಸಿಲ್ಲ.

ಸದ್ಯಕ್ಕೆ ಜಗಳ ಮೆಷಿನ್ ವಿಷಯಕ್ಕೆ. ಓದಿದ ಹುಡುಗಿಯರು ಆರ್ಡರ್ ಜಾಸ್ತಿ ಬರ್ತಿದೆ, ಅಂಚಾದರೂ ಮೆಷಿನ್‌ನಲ್ಲಿ ಹೊಡೆಯೋಣ ಅನ್ನುತ್ತಾರೆ. ಅಜ್ಜಿಯರು ಒಪ್ಪುತ್ತಿಲ್ಲ. ನಾನೂ ಅಜ್ಜಿಯರ ಕಡೆಯೇ. ಆದರೆ ಫೋನು, ಲೆಕ್ಕ ಎರಡೂ ಹುಡುಗಿಯರ ಕೈಯಲ್ಲಿದೆ.