ನಲವತ್ತು ಮಕ್ಕಳ ಶಿಬಿರಕ್ಕೆ ಎಷ್ಟು ಜನ ಬೇಕು?

ಬೇಸಿಗೆ ಶಿಬಿರದ ಕರಪತ್ರದಲ್ಲಿ ಚಾರಣ, ರಂಗಗೀತೆ, ಮಣ್ಣಿನ ಆಟ ಎಲ್ಲ ಇರುತ್ತದೆ. ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಬಂದರೆ ಎದ್ದು ಬರುವವರು ಯಾರು ಎಂಬುದೊಂದು ಇರುವುದಿಲ್ಲ. ಮಲೆನಾಡಿನ ತೋಟದ ಮನೆಯೊಂದರಲ್ಲಿ 9ರಿಂದ 14 ವರ್ಷದ 40 ಮಕ್ಕಳಿಗೆ ಐದು ದಿನದ ವಸತಿ ಶಿಬಿರ ಎಂದಿಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ತಲೆ ಎಣಿಸಿ. ಅಮೆರಿಕನ್ ಕ್ಯಾಂಪ್ ಅಸೋಸಿಯೇಶನ್ ವಸತಿ ಶಿಬಿರಗಳಿಗೆ ಹೇಳುವ ಪ್ರಮಾಣ ಈ ವಯಸ್ಸಿನ ಎಂಟು ಮಕ್ಕಳಿಗೆ ಒಬ್ಬರು. 6ರಿಂದ 8 ವರ್ಷದವರಾದರೆ ಆರಕ್ಕೊಬ್ಬರು. ಅಳತೆಗೋಲಾಗಿ ನಮಗೂ ಅಡ್ಡಿಯಿಲ್ಲ. ಹಾಗಾದರೆ ಐವರು ಸಾಕೇ? ಕಾಲು ಉಳುಕಿದ ಮಗುವಿನ ಜೊತೆ ಒಬ್ಬರು ಆಸ್ಪತ್ರೆಗೆ ಹೋದರೆ ಲೆಕ್ಕ ಅಲ್ಲೇ ತಪ್ಪಿತು. ಏಳು ಜನ ಇರಲಿ. ಅಡುಗೆಯವರು, ಮಧ್ಯಾಹ್ನ ಬಂದು ಸಂಜೆ ಹೊರಡುವ ಸಂಪನ್ಮೂಲ ವ್ಯಕ್ತಿಗಳು, ಫೋಟೊ ತೆಗೆಯುವ ಹುಡುಗ ಈ ಏಳರಲ್ಲಿ ಸೇರುವುದಿಲ್ಲ. ಹೆಣ್ಣುಮಕ್ಕಳು ಮಲಗುವ ಕಡೆ ಇಬ್ಬರು ಮಹಿಳೆಯರು ಇರಲೇಬೇಕು.

ಇವರ ಜೊತೆಗೆ ಆರೋಗ್ಯಕ್ಕೆಂದೇ ಒಬ್ಬರು. ನರ್ಸ್ ಸಿಕ್ಕರೆ ಒಳ್ಳೆಯದು; ಇಲ್ಲದಿದ್ದರೆ ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬ್ಯುಲೆನ್ಸ್‌ನಲ್ಲಿ ಪ್ರಥಮ ಚಿಕಿತ್ಸೆ ಕಲಿತವರು. ಯಾವ ಮಗುವಿಗೆ ಆಸ್ತಮಾ, ಯಾರಿಗೆ ಶೇಂಗಾ ಆಗದು, ಯಾರ ಮಾತ್ರೆ ಎಷ್ಟು ಗಂಟೆಗೆ ಎಂಬ ಪುಸ್ತಕ ಅವರ ಬಳಿಯೇ ಇರಬೇಕು. ಶಿಬಿರಕ್ಕೆ ಮುಂಚೆ ಅವರು ಊರಿನ ಆಶಾ ಕಾರ್ಯಕರ್ತೆಯನ್ನು ಕಂಡು, ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಕೇಳಲಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಕಾಡುತ್ತದೆ. ಮಂಗ ಸತ್ತಿದೆ ಎಂದರೆ ಚಾರಣದ ಮಾತೇ ಬೇಡ. ಸತ್ತಿಲ್ಲವೆಂದರೂ ಕಾಡಿನಿಂದ ಬಂದ ಮಕ್ಕಳ ಮೈ ಮೇಲೆ ಉಣುಗು ಇದೆಯೇ ಎಂದು ನೋಡುವುದು ಇವರ ಕೆಲಸ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಕೂಡದು. ಕಚ್ಚಿದ ಕೈಕಾಲು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಸೀದಾ ಒಯ್ಯಬೇಕು. ಆ ಆಸ್ಪತ್ರೆ ಯಾವುದು ಎಂದು ಅವತ್ತು ಹುಡುಕುತ್ತ ಕೂತರೆ ಆಗದು, ಮೊದಲೇ ವಿಚಾರಿಸಿಡಿ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹೊಳೆಗಿಂತ ನನಗೆ ಭಯ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ್ದು. ಜಾರಿ ಬಿದ್ದರೆ ಈಜು ಬಲ್ಲವರಿಗೂ ಹತ್ತಲು ಹಿಡಿತ ಸಿಗದು. ಹೊಂಡಕ್ಕೆ ಬೇಲಿ ಇಲ್ಲದಿದ್ದರೆ ಬೇರೆ ಜಾಗ ನೋಡಿ. ಮಕ್ಕಳು ನೀರಿಗಿಳಿಯುವುದಾದರೆ, ಈಜಿ ಎತ್ತಿ ತರಬಲ್ಲ ಒಬ್ಬರು ದಡದಲ್ಲಿ ನಿಂತು ನೀರನ್ನಷ್ಟೇ ನೋಡಬೇಕು, ಫೋನ್ ಬೇರೆಯವರ ಕೈಗೆ ಕೊಟ್ಟು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಬರುತ್ತದೆ, ಅಷ್ಟೇ.

ಯಾರನ್ನು ಸೇರಿಸಿಕೊಳ್ಳುತ್ತೀರಿ? ಪರಿಚಯದ ಹುಡುಗ, ಒಳ್ಳೆಯವನು ಎಂದರೆ ಸಾಲದು. ಹಿಂದೆ ಕೆಲಸ ಮಾಡಿದ ಕಡೆ ಫೋನ್ ಮಾಡಿ ಕೇಳಿ, ಪೊಲೀಸ್ ವೆರಿಫಿಕೇಶನ್ ಮಾಡಿಸಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಮಾತ್ರ ಇರಕೂಡದೆಂಬ ನಿಯಮ ಎಲ್ಲರಿಗೂ ಅನ್ವಯ, ನಿಮಗೂ. ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಸಿಬ್ಬಂದಿಯ ಇಂಥ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಮಕ್ಕಳ ಸಹಾಯವಾಣಿ 1098 ಅನ್ನು ಮಕ್ಕಳೇ ಓದುವಂತೆ ಗೋಡೆಗೆ ಅಂಟಿಸಿ.

ಇನ್ನು ಗಾಡಿ. 108 ಇದೆ ನಿಜ, ಆದರೆ ತೋಟದ ದಾರಿಗೆ ಬರಲು ಹೊತ್ತು ಬೇಕು. ಎಷ್ಟೋ ಕಡೆ ಸಿಗ್ನಲ್ಲೂ ಇಲ್ಲ. ರಾತ್ರಿ ಒಂದು ಗಾಡಿ, ಒಬ್ಬ ಡ್ರೈವರ್ ಅಲ್ಲೇ ಉಳಿಯಲಿ. ಮಕ್ಕಳು ಬರುವ ಹಿಂದಿನ ರಾತ್ರಿ ಆಸ್ಪತ್ರೆಯವರೆಗೆ ಒಮ್ಮೆ ಓಡಿಸಿ ನೋಡಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದು ಅಡುಗೆಮನೆಯ ಬಾಗಿಲಿಗೆ ಹಚ್ಚಿ.