ಕೋಷ್ಟಕ ಮೊದಲು, ಪೀಠಿಕೆ ಕೊನೆಗೆ: ಮೆಡಿಕಲ್ ಪೇಪರ್ ರಿವ್ಯೂ, ನನ್ನ ಅನುಭವ

ಪ್ರಕಟಣೆಗೆ ಬಂದ ಪೇಪರನ್ನು ಪರಿಶೀಲಿಸಿಕೊಡಿ ಎಂದು ಜರ್ನಲ್‌ನಿಂದ ರಿವ್ಯೂ ಕೋರಿಕೆ ಬಂದಾಗ ಸಾಮಾನ್ಯವಾಗಿ ಶೀರ್ಷಿಕೆ, ಸಾರಾಂಶ ಮಾತ್ರ ಕಾಣುತ್ತದೆ. ಒಪ್ಪುತ್ತೇನೋ ಇಲ್ಲವೋ ಎಂಬುದನ್ನು ಎರಡು ದಿನದೊಳಗೆ ತಿಳಿಸಿಬಿಡುತ್ತೇನೆ. ಉತ್ತರ ಕೊಡದೆ ಸುಮ್ಮನಿದ್ದರೆ ಆ ಪೇಪರ್ ಅಲ್ಲೇ ಕೊಳೆಯುತ್ತದೆ, ಅತ್ತ ಅದನ್ನು ಬರೆದ ಒಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಕಾಯುತ್ತಿರುತ್ತಾರೆ. ಒಪ್ಪುವ ಮುಂಚೆ ನೋಡಿಕೊಳ್ಳುವುದು ಮೂರು: ಈಚಿನ ಮೂರು ವರ್ಷಗಳಲ್ಲಿ ಇದರ ಲೇಖಕರ ಜೊತೆ ಸೇರಿ ಏನಾದರೂ ಬರೆದಿದ್ದೇನೆಯೇ, ಇದೇ ವಿಷಯದಲ್ಲಿ ನನ್ನದೊಂದು ಕೆಲಸ ನಡೆಯುತ್ತಿದೆಯೇ, ಇದು ನಮ್ಮ ಕಾಲೇಜಿನಿಂದಲೇ ಬಂದದ್ದೇ.

ಬೆಂಗಳೂರಿನಲ್ಲಿ ಈ ಮೂರನೆಯದು ಸ್ವಲ್ಪ ಕಷ್ಟ. ಹೆಸರು ತೆಗೆದು ಕಳಿಸಿದ್ದರೂ ‘ಬೆಂಗಳೂರಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ’ ಎಂಬ ಸಾಲು, ಎಥಿಕ್ಸ್ ಕಮಿಟಿ ಪತ್ರದ ಸಂಖ್ಯೆ, ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಅಳಿಸದೆ ಬಿಟ್ಟ ಹೆಸರು, ಇಷ್ಟು ಸಾಕು ಯಾರೆಂದು ತಿಳಿಯಲು. ತಿಳಿದುಹೋದರೆ ಸಂಪಾದಕರಿಗೆ ಹಾಗೆಂದೇ ಬರೆಯುತ್ತೇನೆ. ಮುಂದುವರಿಯಬೇಕೋ ಬೇಡವೋ ಎಂಬುದು ಅವರ ತೀರ್ಮಾನ.

ಕೈಗೆ ಬಂದ ಪೇಪರ್ ಗೋಪ್ಯ. ಸಂಪಾದಕರ ಅನುಮತಿಯಿಲ್ಲದೆ ನನ್ನ ಪಿಜಿಗಳಿಗೂ ತೋರಿಸುವುದಿಲ್ಲ. ಕಲಿಯಲಿ ಎಂದು ಒಬ್ಬರನ್ನು ಸೇರಿಸಿಕೊಳ್ಳುವುದಾದರೆ ಮೊದಲೇ ಕೇಳಿ, ಅವರ ಹೆಸರನ್ನೂ ವರದಿಯಲ್ಲಿ ತಿಳಿಸುತ್ತೇನೆ. ಎಐ ಚಾಟ್‌ಗೆ ಪೇಪರ್ ಹಾಕಿ ‘ತಪ್ಪು ಹುಡುಕು’ ಎನ್ನುವುದೂ ಇದೇ ನಿಯಮದೊಳಗೆ ಬರುತ್ತದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾದ ಐಸಿಎಂಜೆಇ 2023ರಿಂದ ಇದನ್ನು ಸ್ಪಷ್ಟವಾಗಿ ಹೇಳಿದೆ.

ಓದುವಾಗ ಪೀಠಿಕೆಯನ್ನು ಬಿಟ್ಟು ನೇರ ಕೋಷ್ಟಕಗಳಿಗೆ ಹೋಗುತ್ತೇನೆ. ಪೀಠಿಕೆ ಚೆನ್ನಾಗಿದ್ದರೆ ಮನಸ್ಸು ಒಲಿದುಬಿಡುತ್ತದೆ, ಆಮೇಲೆ ಅಂಕಿಗಳನ್ನು ಅನುಮಾನದಿಂದ ನೋಡಲು ಆಗುವುದಿಲ್ಲ. ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಜರ್ನಲ್‌ನವರು ಬೇಕೆಂದೇ ಒಂಬತ್ತು ದೊಡ್ಡ ತಪ್ಪು ಸೇರಿಸಿದ ಪೇಪರ್‌ಗಳನ್ನು ರಿವ್ಯೂವರ್‌ಗಳಿಗೆ ಕಳಿಸಿ ನೋಡಿದ್ದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತರಬೇತಿಗೆ ಮುಂಚೆ ಸರಾಸರಿ ಮೂರು ತಪ್ಪೂ ಸಿಕ್ಕಿರಲಿಲ್ಲ. ಓದುವ ಕ್ರಮ ಬದಲಿಸದೆ ‘ಎಚ್ಚರದಿಂದ ಓದುತ್ತೇನೆ’ ಎಂದುಕೊಂಡರೆ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇರಬೇಕು.

ಮೊದಲು ಶೇಕಡಾವಾರು. ಗುಂಪಿಗೆ 30 ಜನ, ವಾಂತಿ ಆದವರು ಶೇ 45 ಎಂದಿದ್ದರೆ ಅದು ಸಾಧ್ಯವೇ ಇಲ್ಲ. 13 ಜನರಾದರೆ 43.3, 14 ಜನರಾದರೆ 46.7, ನಡುವೆ ಏನೂ ಇಲ್ಲ. ಪೂರ್ಣಾಂಕದ ಸ್ಕೋರ್‌ಗಳ ಸರಾಸರಿಗೂ ಇದೇ ಲೆಕ್ಕ. 28 ರೋಗಿಗಳ ನೋವಿನ ಸ್ಕೋರ್ 0ಯಿಂದ 10ರವರೆಗೆ, ಸರಾಸರಿ 3.45 ಎಂದಿದೆ ಎನ್ನಿ. 96 ಅನ್ನು 28ರಿಂದ ಭಾಗಿಸಿದರೆ 3.43, 97 ಅನ್ನು ಭಾಗಿಸಿದರೆ 3.46. 3.45 ಬರುವ ಮೊತ್ತವೇ ಇಲ್ಲ. ಇದಕ್ಕೆ ಗ್ರಿಮ್ ಪರೀಕ್ಷೆ ಎನ್ನುತ್ತಾರೆ. ಹೀಗೆ ಸಿಕ್ಕಿದ್ದೆಲ್ಲ ಮೋಸವಲ್ಲ. ಆರು ಜನರ ಡೇಟಾ ಬಿಟ್ಟುಹೋಗಿ ಛೇದ 22 ಆಗಿರಬಹುದು, ಟೈಪಿಂಗ್ ತಪ್ಪೂ ಇರಬಹುದು. ಆದರೆ ಕೇಳಲೇಬೇಕು.

ಆಮೇಲೆ ಎಸ್‌ಡಿ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ. ವಯಸ್ಕರ ಹಿಮೋಗ್ಲೋಬಿನ್ 11.4, ಎಸ್‌ಡಿ 0.2 ಎಂದು ಕಂಡರೆ ಅದು ಎಸ್‌ಡಿ ಅಲ್ಲ, ಸ್ಟ್ಯಾಂಡರ್ಡ್ ಎರರ್ ಇರಬೇಕು, ಅಂದರೆ ಎಸ್‌ಡಿಯನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು. ಗುಂಪಿನಲ್ಲಿ 36 ಜನರಿದ್ದರೆ ವರ್ಗಮೂಲ 6, ಆರರಿಂದ ಗುಣಿಸಿದರೆ 1.2, ಅದು ವಾರ್ಡಿನಲ್ಲಿ ನಾವು ನೋಡುವ ಹರವಿಗೆ ಹೊಂದುತ್ತದೆ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವವೇ ಪಿ ವ್ಯಾಲ್ಯೂ. ಅದನ್ನೂ ಹೀಗೇ ಹಿಂದಿನಿಂದ ಲೆಕ್ಕ ಹಾಕುತ್ತೇನೆ. ಎರಡು ಗುಂಪು, 30 ಮತ್ತು 30, ಸರಾಸರಿ 6.2 ಮತ್ತು 5.8, ಎಸ್‌ಡಿ 1.4 ಮತ್ತು 1.5. ಟಿ (ವ್ಯತ್ಯಾಸವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ್ದು) ಬರುವುದು 1.07, ಪಿ ಸುಮಾರು 0.29. ಪೇಪರ್‌ನಲ್ಲಿ 0.001 ಇದ್ದರೆ ಎಲ್ಲೋ ಎಡವಟ್ಟಾಗಿದೆ. ಸ್ಟ್ಯಾಟಿಸ್ಟಿಕ್ಸ್ ಹೊರಗೆ ಮಾಡಿಸಿ, ಬಂದ ಹಾಳೆಯನ್ನು ಹಾಗೇ ಅಂಟಿಸಿದಾಗ ಇಂಥವು ಉಳಿದುಬಿಡುತ್ತವೆ.

ಥೀಸಿಸ್‌ನಿಂದ ಹುಟ್ಟಿದ ಪೇಪರ್‌ಗಳಲ್ಲಿ ‘ಮೂವತ್ತು ಮೂವತ್ತು’ ಎಂಬುದು ರೂಢಿಯಾಗಿಬಿಟ್ಟಿದೆ. ಹದಿನೆಂಟು ತಿಂಗಳಲ್ಲಿ ಸಿಗುವ ರೋಗಿಗಳನ್ನು ನೋಡಿ ಸಂಖ್ಯೆ ಇಟ್ಟುಕೊಂಡು, ಆಮೇಲೆ ಅದಕ್ಕೆ ಸೂತ್ರ ಹೊಂದಿಸುತ್ತಾರೆ. ಪರೀಕ್ಷಿಸಲು ಒರಟು ಲೆಕ್ಕ ಸಾಕು: ನಿರೀಕ್ಷಿಸುವ ವ್ಯತ್ಯಾಸವನ್ನು ಎಸ್‌ಡಿಯಿಂದ ಭಾಗಿಸಿ, ವರ್ಗ ಮಾಡಿ, 16 ಅನ್ನು ಅದರಿಂದ ಭಾಗಿಸಿದರೆ ಶೇ 80 ಪವರ್‌ಗೆ (ವ್ಯತ್ಯಾಸ ನಿಜವಾಗಿದ್ದರೆ ಅದನ್ನು ಹಿಡಿಯುವ ಸಂಭವ) ಗುಂಪಿಗೆ ಎಷ್ಟು ಜನ ಬೇಕೆಂದು ಸಿಗುತ್ತದೆ. ಅರ್ಧ ಎಸ್‌ಡಿ ವ್ಯತ್ಯಾಸಕ್ಕೆ 64 ಜನ ಬೇಕು. ಮೂವತ್ತೇ ಇದ್ದರೆ ಸುಮಾರು 0.73 ಎಸ್‌ಡಿಗಿಂತ ಸಣ್ಣ ವ್ಯತ್ಯಾಸ ತಪ್ಪಿಹೋಗುವ ಸಂಭವ ಶೇ 20ಕ್ಕಿಂತ ಹೆಚ್ಚು. ಹಾಗಿದ್ದಾಗ ‘ಎರಡೂ ಔಷಧಿ ಸಮಾನ’ ಎಂದು ಬರೆಯಲು ಬಿಡಬಾರದು. ‘ವ್ಯತ್ಯಾಸ ಕಾಣಲಿಲ್ಲ’ ಎನ್ನಬಹುದು, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಜೊತೆಗೆ.

ಟ್ರಯಲ್ (ರೋಗಿಗಳ ಮೇಲಿನ ಚಿಕಿತ್ಸಾ ಪ್ರಯೋಗ) ಆದರೆ ಭಾರತದ ಟ್ರಯಲ್ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐನ ಸಂಖ್ಯೆ ಹಾಕಿ ನೋಂದಣಿ ಪುಟ ತೆರೆಯುತ್ತೇನೆ. ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತದೆ. ಮೊದಲ ರೋಗಿ ಸೇರಿದ ದಿನಾಂಕಕ್ಕಿಂತ ನೋಂದಣಿ ಮುಂಚೆಯೇ ಆಗಿರಬೇಕು. 2018ರ ಏಪ್ರಿಲ್ 1ರಿಂದ ಸಿಟಿಆರ್‌ಐ ಶುರುವಾಗಿಹೋದ ಟ್ರಯಲ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಆದ್ದರಿಂದ ಈಗ ದಿನಾಂಕ ಹಿಂದುಮುಂದಾದರೆ ಯಾವುದೋ ಒಂದು ಕಡೆ ತಪ್ಪು ಬರೆದಿದ್ದಾರೆ ಎಂದೇ ಅರ್ಥ. ಅದಕ್ಕಿಂತ ಹೆಚ್ಚು ಸಿಗುವುದು ಮುಖ್ಯ ಫಲಿತಾಂಶದ ಅದಲುಬದಲು: ನೋಂದಣಿಯಲ್ಲಿ ‘24 ಗಂಟೆಯ ಮಾರ್ಫಿನ್ ಪ್ರಮಾಣ’, ಪೇಪರ್‌ನಲ್ಲಿ ‘ಆರನೇ ಗಂಟೆಯ ನೋವಿನ ಸ್ಕೋರ್’. ಎರಡನ್ನೂ ಅಕ್ಕಪಕ್ಕ ಬರೆದು, ಬದಲಾದದ್ದು ಯಾವಾಗ, ಡೇಟಾ ನೋಡುವ ಮುಂಚೆಯೋ ಆಮೇಲೋ ಎಂದು ಕೇಳುತ್ತೇನೆ.

ಅಧ್ಯಯನದ ಅವಧಿಯೂ ಮಾತಾಡುತ್ತದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್; ತುರ್ತಲ್ಲದ ಆಪರೇಷನ್‌ಗಳು ಮುಂದಕ್ಕೆ ಹೋಗಿದ್ದವು. ಆ ಏಪ್ರಿಲ್, ಮೇನಲ್ಲೂ ಹರ್ನಿಯಾ ರೋಗಿಗಳು ತಿಂಗಳಿಗೆ ಅಷ್ಟೇ ಸಂಖ್ಯೆಯಲ್ಲಿ ಸೇರಿದ್ದರೆ ವಿವರಣೆ ಬೇಕು. ಇನ್ನೊಂದು, ಮೂರು ತಿಂಗಳ ಫಾಲೋ ಅಪ್‌ಗೆ ಅರವತ್ತಕ್ಕೆ ಅರವತ್ತೂ ಬಂದರು ಎನ್ನುವುದು. ಇಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ಚಿಂತಾಮಣಿಯಿಂದ, ಪಾವಗಡದಿಂದ, ಹಿಂದೂಪುರದಿಂದ ಬಂದವರು ವಾಸಿಯಾದರೆ ಬಸ್ ಚಾರ್ಜ್ ಕೊಟ್ಟು ಮತ್ತೆ ಬರುವುದು ಕಡಿಮೆ. ಫೋನಿನಲ್ಲಿ ವಿಚಾರಿಸಿದ್ದರೆ ಹಾಗೆಂದು ಬರೆಯಲಿ, ತಪ್ಪೇನಿಲ್ಲ.

ಕೇಸ್ ರಿಪೋರ್ಟ್ ಆದರೆ ನಾನು ಮೊದಲು ನೋಡುವುದು ಒಪ್ಪಿಗೆ. ಆಪರೇಷನ್‌ಗೆ ಹಾಕಿದ ಸಹಿ ಪ್ರಕಟಣೆಗೆ ಒಪ್ಪಿಗೆಯಲ್ಲ. ಅದು ಬೇರೆ ಹಾಳೆ, ರೋಗಿಗೆ ಬರುವ ಭಾಷೆಯಲ್ಲಿರಬೇಕು. ನಮ್ಮ ಒಪಿಡಿಯಲ್ಲಿ ಅದು ಕನ್ನಡವೇ ಆಗಬೇಕೆಂದಿಲ್ಲ, ತಮಿಳು, ತೆಲುಗು, ಉರ್ದು ಯಾವುದೂ ಆಗಬಹುದು. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮರೆಯಾಗುತ್ತದೆಂಬ ನಂಬಿಕೆ ಇನ್ನೂ ಇದೆ. ಅದು ಸಾಲದು ಎಂದು ಐಸಿಎಂಜೆಇ ನಿಯಮದಲ್ಲೇ ಇದೆ. ಮುಖ ಬೇಕಿಲ್ಲದಿದ್ದರೆ ಗಾಯದಷ್ಟನ್ನೇ ಕತ್ತರಿಸಿ ಹಾಕಲಿ. ಸ್ಕ್ಯಾನ್ ಚಿತ್ರದ ಮೂಲೆಯಲ್ಲಿ ಹೆಸರು, ಯುಎಚ್‌ಐಡಿ (ಆಸ್ಪತ್ರೆ ಕೊಡುವ ರೋಗಿಯ ಗುರುತು ಸಂಖ್ಯೆ) ಉಳಿದಿರುವುದನ್ನಂತೂ ಪ್ರತಿ ಸಲ ಹುಡುಕಬೇಕು.

ಪ್ಲೇಜಿಯರಿಸಂ (ಬರಹದ ನಕಲು) ಪತ್ತೆ ಮಾಡುವ ಸಾಫ್ಟ್‌ವೇರ್ ಕೊಡುವ ಶೇಕಡಾವಾರನ್ನು ಮಾತ್ರ ನೋಡಿ ನಿರ್ಧರಿಸುವುದಿಲ್ಲ. ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಸ್ವಂತ ಥೀಸಿಸ್ ಇದ್ದರೆ ಹೋಲಿಕೆ ಜಾಸ್ತಿಯೇ ತೋರಿಸುತ್ತದೆ, ಥೀಸಿಸ್ ಆಧಾರಿತ ಎಂದು ಘೋಷಿಸಿದ್ದರೆ ಸಾಕು. ಅದೇ ಥೀಸಿಸ್ಸಿನ ಅದೇ ರೋಗಿಗಳನ್ನು ಎರಡು ಪೇಪರ್ ಮಾಡಿ, ಒಂದರಲ್ಲಿ ಇನ್ನೊಂದರ ಸುಳಿವೇ ಕೊಡದಿದ್ದರೆ ಅದು ಗಂಭೀರ.

ವರದಿಯನ್ನು ನಾಲ್ಕೈದು ಸಾಲಿನ ಸಾರಾಂಶದಿಂದ ಶುರುಮಾಡುತ್ತೇನೆ. ನಾನು ಅರ್ಥಮಾಡಿಕೊಂಡದ್ದೇ ತಪ್ಪಿದ್ದರೆ ಲೇಖಕರಿಗೆ ಅಲ್ಲೇ ತಿಳಿಯುತ್ತದೆ. ಬಳಿಕ ದೊಡ್ಡ ಆಕ್ಷೇಪಗಳು, ಆರು ದಾಟದಂತೆ, ಪ್ರತಿಯೊಂದಕ್ಕೂ ಪುಟ ಮತ್ತು ಸಾಲಿನ ಸಂಖ್ಯೆ. ‘ಅಂಕಿಅಂಶ ಸರಿಯಿಲ್ಲ’ ಎಂದರೆ ಲೇಖಕರು ಏನು ಮಾಡಬೇಕು? ‘ಎರಡನೇ ಕೋಷ್ಟಕ, ಮೂರನೇ ಸಾಲು: 30 ಜನರಲ್ಲಿ ಶೇ 45 ಬರುವುದಿಲ್ಲ, ಛೇದ ಎಷ್ಟು?’ ಎಂದರೆ ಒಂದು ಸಂಖ್ಯೆಯಲ್ಲಿ ಉತ್ತರಿಸಬಹುದು. ಸ್ವೀಕರಿಸಿ, ತಿರಸ್ಕರಿಸಿ ಎಂಬ ಮಾತು ಲೇಖಕರಿಗೆ ಹೋಗುವ ಭಾಗದಲ್ಲಿ ಇರಬಾರದು, ಇದ್ದರೆ ಸಂಪಾದಕರ ಕೈ ಕಟ್ಟಿದಂತಾಗುತ್ತದೆ. ನನ್ನದೇ ಪೇಪರ್ ಉಲ್ಲೇಖಿಸಿ ಎಂದು ಕೇಳುವುದಿಲ್ಲ. ಇಂಗ್ಲಿಷ್ ತಿದ್ದುವ ಗೋಜಿಗೂ ಹೋಗುವುದಿಲ್ಲ. ಅರ್ಥ ಕೆಡುವ ಕಡೆ ಮಾತ್ರ ತೋರಿಸುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೂತು ಒಳ್ಳೆಯ ಕೆಲಸ ಮಾಡಿದವರನ್ನು ವ್ಯಾಕರಣಕ್ಕಾಗಿ ಹಿಂದಕ್ಕೆ ಕಳಿಸುವುದು ಅನ್ಯಾಯ.

ಡೇಟಾ ಸೃಷ್ಟಿಸಿದ್ದಾರೆಂಬ ಅನುಮಾನ ಬಂದರೆ ಲೇಖಕರಿಗೆ ಒಂದಕ್ಷರವೂ ಬರೆಯುವುದಿಲ್ಲ. ಗೋಪ್ಯ ಟಿಪ್ಪಣಿಯಲ್ಲಿ, ಆರೋಪದ ಪದ ಬಳಸದೆ, ಕಂಡ ಅಂಕಿಗಳನ್ನು ಸಂಪಾದಕರಿಗೆ ಕೊಟ್ಟು ಪ್ರತಿ ರೋಗಿಯ ಮೂಲ ಡೇಟಾ ತರಿಸಲು ಕೋರುತ್ತೇನೆ. ಮುಂದಿನ ಹೆಜ್ಜೆಗಳಿಗೆ ಪ್ರಕಟಣೆಯ ನೈತಿಕತೆ ನೋಡಿಕೊಳ್ಳುವ ಕೋಪ್ ಸಂಸ್ಥೆಯ ಫ್ಲೋಚಾರ್ಟ್‌ಗಳಿವೆ, ಆ ಕೆಲಸ ಸಂಪಾದಕರದು. ಮೂಲ ಡೇಟಾ ಕೇಳುವುದು ಅತಿರೇಕ ಎನ್ನುವವರು ಬ್ರಿಟನ್ನಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ ಅವರ ಲೆಕ್ಕ ನೋಡಬೇಕು. ಅನಸ್ತೇಷಿಯಾ ಜರ್ನಲ್‌ಗೆ 2017ರಿಂದ 2020ರ ನಡುವೆ ಬಂದ 526 ಟ್ರಯಲ್‌ಗಳನ್ನು ಅವರು ಪರಿಶೀಲಿಸಿದರು. ರೋಗಿವಾರು ಡೇಟಾ ಸಿಕ್ಕ 153ರಲ್ಲಿ ಶೇ 44ರಷ್ಟರಲ್ಲಿ ಸುಳ್ಳು ಡೇಟಾ ಕಂಡಿತು. ಅದು ಸಿಗದ ಉಳಿದವುಗಳಲ್ಲಿ ಶೇ 2ರಷ್ಟರಲ್ಲಿ ಮಾತ್ರ. ಅನುಮಾನ ಬಂದವುಗಳಿಗೇ ಹೆಚ್ಚಾಗಿ ಡೇಟಾ ಕೇಳಿರಬಹುದು, ಆದರೂ ಕೋಷ್ಟಕ ಮಾತ್ರ ನೋಡುವವರಿಗೆ ಎಷ್ಟು ಕಡಿಮೆ ಕಾಣುತ್ತದೆ ಎಂಬುದು ಇದರಲ್ಲಿದೆ.

ತಿದ್ದಿದ ಪ್ರತಿ ಬಂದಾಗ ಉತ್ತರಪತ್ರವನ್ನು ನಂಬಿ ಮುಗಿಸುವುದಿಲ್ಲ. ‘ಸರಿಪಡಿಸಲಾಗಿದೆ’ ಎಂದಿರುವ ಪ್ರತಿ ಕಡೆ ಪೇಪರ್ ತೆರೆದು ನೋಡುತ್ತೇನೆ. ಕೋಷ್ಟಕದಲ್ಲಿ ತಿದ್ದಿದ ಅಂಕಿ ಸಾರಾಂಶದಲ್ಲಿ ಹಳೆಯದೇ ಉಳಿದಿರುವುದು ಸಾಮಾನ್ಯ. ಎರಡನೇ ಸುತ್ತಿನಲ್ಲಿ ಹೊಸ ಆಕ್ಷೇಪ ಎತ್ತುವುದು, ತಿದ್ದುಪಡಿಯಿಂದಲೇ ಅದು ಹುಟ್ಟಿದ್ದರೆ ಮಾತ್ರ. ಕೊನೆಯ ತೀರ್ಮಾನದ ಮೇಲ್ ಬಂದ ದಿನವೇ ಡೌನ್‌ಲೋಡ್ ಮಾಡಿಕೊಂಡ ಪ್ರತಿಗಳನ್ನು ಲ್ಯಾಪ್‌ಟಾಪ್‌ನಿಂದಲೂ ಫೋನಿನಿಂದಲೂ ಅಳಿಸುತ್ತೇನೆ.