ಸೋತು ಬಂದ ಮಗುವಿಗೆ ಮೊದಲು ತಿಂಡಿ

ಮಗನಿಗೆ ಆಗ ಏಳು ವರ್ಷ. ಅವನ ಮೊದಲ ಚೆಸ್ ಟೂರ್ನಮೆಂಟ್. ಮೂರನೇ ರೌಂಡ್‌ನಲ್ಲಿ ರಾಣಿ ಕಳೆದುಕೊಂಡು ಸೋತ. ಹೊರಗೆ ಬಂದವನ ಗಲ್ಲ ನಡುಗುತ್ತಿತ್ತು. ನಾನು ಬಾಯಿ ತಡೆಯದೆ, "ಆ ಕುದುರೆ ಕಾಣಿಸಲಿಲ್ವೇನೋ?" ಅಂದುಬಿಟ್ಟೆ. ನಾಲ್ಕನೇ ರೌಂಡ್‌ಗೆ ಅವನು ಒಳಗೆ ಹೋಗಲೇ ಇಲ್ಲ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ದಾರಿ ತೋರಿಸಿದ್ದು ನನ್ನಮ್ಮ. ಬೇಸಿಗೆ ರಜೆಯಲ್ಲಿ ಬಂದವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ನಾಲ್ಕು ಕವಡೆ. ಕಾಯಿಗೆ ಹುಣಸೆಬೀಜ, ಬಳೆಚೂರು. ನಮ್ಮ ಕಡೆ ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಒಳಸುತ್ತಿಗೆ ಹೋಗದೆ ಕಾಯಿ ನಡುಮನೆ ಸೇರಿ ಹಣ್ಣಾಗುವುದಿಲ್ಲ. ಹಾಗಾಗಿ ಕಡಿಯೋದು, ಕಡಿಸಿಕೊಳ್ಳೋದು ಯಾರಿಗೂ ತಪ್ಪಿದ್ದಲ್ಲ. ಒಂದೇ ಆಟದಲ್ಲಿ ನಾಲ್ಕೈದು ಪುಟ್ಟ ಪುಟ್ಟ ಸೋಲು!

ಮೊದಲೆರಡು ದಿನ ಮಗ ಕಾಯಿಗಳನ್ನೆಲ್ಲ ಚೆಲ್ಲಾಡಿದ. ಅಮ್ಮ ಬೈಯಲಿಲ್ಲ. "ನಿನ್ನ ಕಾಯಿ ಕಡಿದರೆ ನೀನೇ ಎತ್ತಿ ಮನೇಲಿ ಇಡ್ಬೇಕು ಪುಟ್ಟ, ನಾನು ಮುಟ್ಟಲ್ಲ" ಅಂದರು. ವಾರ ಕಳೆಯುವಷ್ಟರಲ್ಲಿ ಕಾಯಿ ಎತ್ತಿಟ್ಟು, ಕವಡೆಗೆ ಕೈ ಚಾಚುವುದು ಅಭ್ಯಾಸವಾಗಿತ್ತು.

ಅಮ್ಮ ಬೇಕಂತಲೇ ಸೋತಿದ್ದನ್ನು ನಾನು ನೋಡಿಲ್ಲ. ನಾನೂ ಹಾಗೆ ಸೋಲುವುದಿಲ್ಲ. ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತೆ. ಅದರ ಬದಲು ಅವರೆದುರೇ ನನ್ನ ರಾಣಿಯನ್ನು ಪಕ್ಕಕ್ಕೆ ತೆಗೆದಿಟ್ಟು ಆಡುತ್ತೇನೆ. ಆಗ ಅವರು ಗೆದ್ದರೆ ಅದು ನಿಜವಾದ ಗೆಲುವು.

ಟೂರ್ನಮೆಂಟ್ ದಿನ ಈಗ ಬೇರೆ ಥರ. ನಾವು ಹೋಗುವ ಕಡೆಯೆಲ್ಲ ಸ್ವಿಸ್ ಪದ್ಧತಿ. ಸೋತವರು ಹೊರಬೀಳುವುದಿಲ್ಲ. ಮುಂದಿನ ರೌಂಡ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಯಿಂಟ್ ಇರುವವರು ಎದುರಿಗೆ ಕೂರುತ್ತಾರೆ. ಇದನ್ನು ಮೊದಲೇ ಬಿಡಿಸಿ ಹೇಳಿದರೆ ಮಗುವಿಗೆ ಅರ್ಧ ಭಯ ಹೋಗುತ್ತದೆ. ಎರಡು ರೌಂಡ್ ನಡುವೆ ಮುಖ ತೊಳೆಸಿ, ಬಾಳೆಹಣ್ಣೋ ಚಿತ್ರಾನ್ನವೋ ಕೊಡುತ್ತೇನೆ. ಆಟದ ಮಾತಿಲ್ಲ. ಅತ್ತರೆ ಅಳಲಿ, ಪಕ್ಕದಲ್ಲಿ ಸುಮ್ನೆ ಕೂರುತ್ತೇನೆ. "ಅಳಬೇಡ" ಅನ್ನುವುದನ್ನು ಪೂರ್ತಿ ಬಿಟ್ಟಿದ್ದೇನೆ.

ಕ್ಲಾಸಿನಲ್ಲಿ ದೊಡ್ಡವರು ಸೋತ ಆಟಗಳನ್ನೂ ಆಡಿಸಿ ತೋರಿಸುತ್ತೇನೆ. 2024ರಲ್ಲಿ ಸಿಂಗಾಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದರಲ್ಲ, ಆಗಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ ಎದುರು ಮೊದಲ ಆಟವನ್ನೇ ಸೋತಿದ್ದರು, ಅದೂ ಬಿಳಿ ಕಾಯಿಯಲ್ಲಿ. ಎರಡನೆಯದು ಡ್ರಾ. ಮೂರನೆಯದು ಗೆದ್ದರು. 12ನೇ ಆಟದಲ್ಲಿ ಮತ್ತೆ ಸೋಲು. ಅಲ್ಲಿಗೆ ನಿಲ್ಲಿಸುತ್ತೇನೆ. "ಆಮೇಲೆ ಮಿಸ್?" ಅಂತ ಮಕ್ಕಳೇ ಕೇಳಬೇಕು. ಗುಕೇಶ್ ಗೆದ್ದು ಚಾಂಪಿಯನ್ ಆದ 14ನೇ ಆಟ ತೋರಿಸುವುದು ಆಗ.

ಮಗನಿಗೆ ಈಗ ಹತ್ತು ವರ್ಷ. ಕಳೆದ ತಿಂಗಳು ಕೊನೆಯ ರೌಂಡ್ ಸೋತ. ಎದುರಿನ ಹುಡುಗಿಯ ಕೈ ಕುಲುಕಿ ಬಂದ. ಕಣ್ಣು ಕೆಂಪಗಿತ್ತು. ಬಸ್ಸಿನಲ್ಲಿ ಮಾತಿಲ್ಲ. ಅದು ಕಡಿಮೆ ಸಮಯದ ರ‍್ಯಾಪಿಡ್ ಆಟ, ನಡೆಗಳನ್ನು ಬರೆದಿಟ್ಟುಕೊಂಡಿರಲಿಲ್ಲ. ರಾತ್ರಿ ಊಟವಾದ ಮೇಲೆ ತಾನಾಗಿಯೇ ಬೋರ್ಡ್ ಹಾಸಿದ. ನೆನಪಿದ್ದಷ್ಟು ನಡೆಗಳನ್ನು ಒಂದೊಂದಾಗಿ ಆಡಿದ. ಒಂದು ಕಡೆ ಬೆರಳಿಟ್ಟು, "ಅಮ್ಮ, ಇಲ್ಲಿ ನೋಡು" ಅಂದ.